ದಾರಿ ಹೇಳುವ ಯಂತ್ರಕ್ಕೆ ದಾರಿ ಹೇಳುವವರು ಯಾರು?

ಚಿತ್ತಾಪುರದಲ್ಲಿ ರೈಲು ನಿಂತದ್ದು ಒಂದೆರಡು ನಿಮಿಷವಷ್ಟೆ. ಹತ್ತಿದವರಲ್ಲಿ ಒಬ್ಬ ತಂದೆ, ಜೊತೆಗೆ ಮಗಳು. ತಂದೆಯ ಅಂಗೈ ಗೆರೆಗಳಲ್ಲಿ ತೊಳೆದರೂ ಹೋಗದ ಕಲ್ಲಿನ ಹುಡಿ. ಶಹಾಬಾದ್ ಕಡೆಯ ಪರಸಿ ಕಲ್ಲಿನ ಗಣಿಯಲ್ಲಿ ದುಡಿಯುವವನೆಂದು ಆಮೇಲೆ ಅವನೇ ಹೇಳಿದ. ಮಗಳ ಕೈಯಲ್ಲಿ ಮಡಚಿದ ಬಿಳಿ ಕೋಲು. ಬಿ.ಎ. ಓದುವ ಹುಡುಗಿ, ಹುಟ್ಟಿನಿಂದಲೂ ಕಣ್ಣು ಕಾಣದು. ಕಾಲೇಜಿನ ಕೆಲಸಕ್ಕೆಂದು ಇಬ್ಬರೂ ಕಲಬುರಗಿಗೆ ಹೊರಟಿದ್ದರು.

ಕುಳಿತವಳೇ ಹುಡುಗಿ ಫೋನು ತೆಗೆದು ಕಿವಿಯ ಹತ್ತಿರ ಹಿಡಿದಳು. ಅದು ಏನೋ ಗಡಿಬಿಡಿಯಲ್ಲಿ ಮಾತಾಡತೊಡಗಿತು. ನನ್ನ ಕಿವಿಗೆ ಒಂದು ಶಬ್ದವೂ ಹಿಡಿಯಲಿಲ್ಲ. ಅವಳ ಬೆರಳು ಗಾಜಿನ ಮೇಲೆ ಅತ್ತ ಇತ್ತ ಸರಿಯಿತು. ‘ಇನ್ನ ಸ್ವಲ್ಪ ಹೊತ್ತಿಗೆ ವಾಡಿ ಬರ್ತದ ಅಪ್ಪಾ’ ಎಂದಳು. ತಂದೆ ನನ್ನ ಮುಖ ನೋಡಿ ನಕ್ಕ. ಆ ನಗೆಯಲ್ಲಿ ಅರ್ಧ ಹೆಮ್ಮೆ, ಅರ್ಧ ಚಿಂತೆ.

‘ಎಲ್ಲಾ ಇದೇ ಹೇಳ್ತದ, ನೀ ಯಾಕ ಬರ್ತಿ ಅಂತಾಳ್ರಿ ಸರ. ಇವಳ ಸಂಗಟ ಬಂದ್ರ ನನ್ನ ಒಂದಿನದ ಪಗಾರ ಹೋಯ್ತು. ಬರಲಿಲ್ಲಂದ್ರ ಇಡೀ ದಿನ ಜೀವ ಕೈಯಾಗ.’

ನಾನು ಹುಡುಗಿಯನ್ನು ಕೇಳಿದೆ: ‘ಈ ಫೋನು ನಿಜವಾಗಿಯೂ ಎಲ್ಲಾ ಹೇಳುತ್ತದೇನಮ್ಮ?’ ಅವಳು ತಂದೆಯ ಕಡೆ ಮುಖ ತಿರುಗಿಸಿ, ಸಣ್ಣಗೆ ನಕ್ಕು ಸತ್ಯ ಹೇಳಿದಳು: ‘ಊರು ಬಂತು ಅಂತ ಹೇಳ್ತದರಿ ಸರ. ಟೇಶನ್ ಹೊರಗ ಹೋಗೋ ಬಾಗಿಲು ಎಡಕ್ಕದನೋ ಬಲಕ್ಕದನೋ ಹೇಳಲ್ಲ. ಇದಕ್ಕ ಊರು ಗೊತ್ತದ, ಓಣಿ ಗೊತ್ತಿಲ್ರಿ.’

ಊರು ಗೊತ್ತದ, ಓಣಿ ಗೊತ್ತಿಲ್ಲ. ದಾರಿ ಹೇಳುವ ಯಂತ್ರಗಳ ಬಗ್ಗೆ ದೊಡ್ಡ ದೊಡ್ಡ ಲೇಖನಗಳನ್ನು ಓದಿದ ನನಗೆ, ಇಡೀ ಸಮಸ್ಯೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಈ ವಾರ ಅದೇ ಮಾತಿನ ಬೆನ್ನು ಹತ್ತಿ ಹೋಗೋಣ.

ಆಕಾಶ ಎಷ್ಟು ಹೇಳಬಲ್ಲದು?

ಫೋನಿಗೆ ತಾನು ಎಲ್ಲಿದ್ದೇನೆಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳು ಇದನ್ನು ಪಾಠದಲ್ಲಿ ಓದಿರುತ್ತೀರಿ. ಅಮೆರಿಕದ ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಕನಿಷ್ಠ 24 ಉಪಗ್ರಹಗಳಿದ್ದರೆ ಭೂಮಿಯ ಯಾವ ಮೂಲೆಯಿಂದಲೂ ಕೆಲವು ಸದಾ ಕಾಣುತ್ತಿರುತ್ತವೆ. ಪ್ರತಿಯೊಂದೂ ‘ಈಗ ಇಷ್ಟು ಗಂಟೆ, ನಾನು ಇಲ್ಲಿದ್ದೇನೆ’ ಎಂದು ರೇಡಿಯೊ ಅಲೆಗಳಲ್ಲಿ ಸಾರುತ್ತಿರುತ್ತದೆ. ಆ ಸುದ್ದಿ ತಲುಪಲು ಹಿಡಿದ ಕಾಲವನ್ನು ಅಳೆದು ಫೋನು ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕಿತೆಂದರೆ ತಾನಿರುವ ಜಾಗವೂ, ತನ್ನ ಗಡಿಯಾರದ ತಪ್ಪೂ ಒಟ್ಟಿಗೇ ತಿಳಿಯುತ್ತವೆ. ಅಲೆ ಹೋಗುವುದು ಬೆಳಕಿನ ವೇಗದಲ್ಲಿ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಲೆಕ್ಕ ತಪ್ಪಿದರೂ 300 ಮೀಟರ್ ಆಚೆ ಬಿದ್ದಂತೆಯೇ!

ನಮ್ಮ ದೇಶದ್ದೇ ಆದ ‘ನಾವಿಕ್’ ವ್ಯವಸ್ಥೆಯೂ ಇದೇ ತತ್ವದ್ದು. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈಯಲ್ಲಿ. 2016ರಲ್ಲಿ ಅದಕ್ಕೆ ನಾವಿಕ್ ಎಂಬ ಹೆಸರು ಬಂತು.

2000ದ ಮೇ ತಿಂಗಳವರೆಗೆ ಅಮೆರಿಕ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಒರಟು ಮಾಡಿ ಕಳಿಸುತ್ತಿತ್ತು. ಆಗ ಸುಮಾರು 100 ಮೀಟರ್ ತಪ್ಪು ಸಹಜ. ಆ ತಡೆ ತೆಗೆದ ಮೇಲೆ ಲೆಕ್ಕ ಬಹಳ ಸುಧಾರಿಸಿತು. ಇಂದು ಬಯಲಿನಲ್ಲಿ ನಿಂತರೆ ಒಳ್ಳೆಯ ಫೋನಿನ ತಪ್ಪು ಸುಮಾರು 5 ಮೀಟರಿನೊಳಗೆ ಇರುತ್ತದೆ.

ಐದು ಮೀಟರ್ ಎಂದರೆ ಕಾರಿನಲ್ಲಿ ಹೋಗುವವನಿಗೆ ಏನೂ ಅಲ್ಲ. ಆದರೆ ಸೇಡಂ ಪೇಟೆಯ ಒಂದು ಓಣಿಯನ್ನು ನೆನಪಿಸಿಕೊಳ್ಳಿ. ಐದು ಮೀಟರಿನಲ್ಲಿ ಈ ಬದಿಯ ಅಂಗಡಿಯಿಂದ ಆ ಬದಿಯ ಅಂಗಡಿಗೆ ಹೋಗಬಹುದು. ನಡುವೆ ಒಂದು ಚರಂಡಿ, ಒಂದು ನಿಂತ ಮೋಟಾರ್ ಸೈಕಲ್ಲು, ಮಲಗಿದ ಎಮ್ಮೆ ಎಲ್ಲವೂ ಇರಬಹುದು. ಹಾಗಾಗಿ ಆಕಾಶದಿಂದ ಬರುವ ಲೆಕ್ಕ ಬಾಗಿಲ ಹತ್ತಿರದವರೆಗೆ ತರುತ್ತದೆ, ಬಾಗಿಲನ್ನು ತೋರಿಸುವುದಿಲ್ಲ. ಕೊನೆಯ ಹತ್ತು ಹೆಜ್ಜೆ ಕೋಲಿನದು, ಕಿವಿಯದು, ಪಾದದ್ದು. ಈ ಮಿತಿಯನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭ.

ಬೆನ್ನ ಮೇಲಿನ ಗಂಟಿನಿಂದ ಜೇಬಿನವರೆಗೆ

ಅಂಧರಿಗೆ ಉಪಗ್ರಹದಿಂದ ದಾರಿ ಹೇಳಿಸಬಹುದೆಂಬ ಯೋಚನೆ 1985ರಷ್ಟು ಹಳೆಯದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ಜ್ಯಾಕ್ ಲೂಮಿಸ್ ಎಂಬ ಮನೋವಿಜ್ಞಾನಿ ಇದನ್ನು ಕೈಗೆತ್ತಿಕೊಂಡರು. ಅವರ ಜೊತೆಗಾರ ರೆಜಿನಾಲ್ಡ್ ಗಾಲೆಜ್ ಭೂಗೋಳದ ಪ್ರಾಧ್ಯಾಪಕ. ಜನ ಊರಿನ ನಕ್ಷೆಯನ್ನು ತಲೆಯೊಳಗೆ ಹೇಗೆ ಇಟ್ಟುಕೊಳ್ಳುತ್ತಾರೆಂದು ಅಧ್ಯಯನ ಮಾಡುತ್ತಿದ್ದ ಈ ಮನುಷ್ಯ 1984ರಲ್ಲಿ ತಾನೇ ದೃಷ್ಟಿ ಕಳೆದುಕೊಂಡ. ವಿಷಯ ಬದಲಿಸಲಿಲ್ಲ. ಅದೇ ಪ್ರಶ್ನೆಯನ್ನು ಈಗ ಸ್ವಂತ ಕಾಲ ಮೇಲೆ ನಡೆದು ಪರೀಕ್ಷಿಸತೊಡಗಿದ.

ಅವರ ಮೊದಮೊದಲ ಯಂತ್ರವನ್ನು ಬೆನ್ನಿಗೆ ಹೊರಬೇಕಿತ್ತು. ಕಂಪ್ಯೂಟರು, ಜಿಪಿಎಸ್ ಗ್ರಾಹಕ, ಕಿವಿಗೆ ಹೆಡ್‌ಫೋನು, ಎಲ್ಲಾ ಸೇರಿ ಒಂದು ಗಂಟು. ಆದರೆ ಅದರೊಳಗಿನ ಕಲ್ಪನೆ ಬಹಳ ಚೆಂದದ್ದು. ಗ್ರಂಥಾಲಯ ಬಲಗಡೆ ಇದ್ದರೆ ‘ಗ್ರಂಥಾಲಯ’ ಎಂಬ ದನಿ ಬಲಗಡೆಯಿಂದಲೇ ಬಂದಂತೆ ಕೇಳಿಸುತ್ತಿತ್ತು. ಕಟ್ಟಡವೇ ಕೂಗಿ ಕರೆದಂತೆ! ಮೈಕ್ರೋಸಾಫ್ಟ್ ಕಂಪನಿ 2018ರಲ್ಲಿ ಹೊರತಂದ ‘ಸೌಂಡ್‌ಸ್ಕೇಪ್’ ಎಂಬ ಐಫೋನ್ ತಂತ್ರಾಂಶ ಮಾಡಿದ್ದೂ ಇದೇ ಕೆಲಸವನ್ನು, ಆದರೆ ಜೇಬಿನೊಳಗೇ.

ಇವೆರಡರ ನಡುವಿನ ಕಾಲದಲ್ಲಿ ಅಂಧರಿಗೆಂದೇ ವಿಶೇಷ ಸಾಧನಗಳು ಬಂದವು. ಅವು ಒಳ್ಳೆಯ ಸಾಧನಗಳೇ. ಆದರೆ ಕೊಳ್ಳುವವರು ಕಡಿಮೆ, ಆದ್ದರಿಂದ ಬೆಲೆ ಹೆಚ್ಚು. ಬ್ರೈಲ್ ಟಿಪ್ಪಣಿ ಯಂತ್ರಕ್ಕೆ ಜಿಪಿಎಸ್ ಸೇರಿಸಿ ಕೊಂಡರೆ ಸಾವಿರಾರು ಡಾಲರ್. ಗಣಿ ಕಾರ್ಮಿಕನ ಮಗಳಿಗೆ ಅದರ ಸುದ್ದಿ ಮುಟ್ಟುವುದೂ ಕಷ್ಟ. ಇನ್ನೊಂದು ತೊಂದರೆ: ಕಂಪನಿ ತಯಾರಿಕೆ ನಿಲ್ಲಿಸಿದರೆ ಸಾಧನ ಅನಾಥ.

ಅದೇ ಹೊತ್ತಿಗೆ ಕಾರುಗಳಲ್ಲಿ ಎಲ್ಲರಿಗೂ ದಾರಿ ಹೇಳುವ ಪೆಟ್ಟಿಗೆಗಳು ಬಂದವು. ‘200 ಮೀಟರ್ ಮುಂದೆ ಎಡಕ್ಕೆ ತಿರುಗಿ’ ಎಂದು ಅವು ಸ್ಪಷ್ಟವಾಗಿ ಮಾತಾಡುತ್ತಿದ್ದವು. ಮಾತಾಡುವ ಯಂತ್ರ ಎಂದ ಮೇಲೆ ಅಂಧರಿಗೆ ಹೇಳಿ ಮಾಡಿಸಿದಂತಲ್ಲವೆ? ಅಲ್ಲ! ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಮೊದಲು ತಿಳಿಸಬೇಕು. ಅದಕ್ಕೆ ಗಾಜಿನ ಮೇಲೆ ಕಾಣುವ ಅಕ್ಷರಗಳನ್ನು ನೋಡಿ ಒತ್ತಬೇಕು. ದಾರಿಯನ್ನು ಬಾಯಿಬಿಟ್ಟು ಹೇಳುತ್ತಿದ್ದ ಯಂತ್ರ ತನ್ನ ಗುಂಡಿಗಳ ಹೆಸರನ್ನು ಮಾತ್ರ ಹೇಳುತ್ತಿರಲಿಲ್ಲ. ಅಂಧರ ಮಟ್ಟಿಗೆ ಅದು ಬೀಗ ಹಾಕಿದ ಮನೆಯೊಳಗಿಂದ ಕೇಳಿಬರುವ ರೇಡಿಯೊ ಇದ್ದ ಹಾಗೆ. ಆ ಪೆಟ್ಟಿಗೆಗೆ ಹೊಸ ಯಂತ್ರಭಾಗವೇನೂ ಬೇಕಿರಲಿಲ್ಲ. ದನಿ ಇತ್ತು, ಕಂಪ್ಯೂಟರು ಇತ್ತು, ನಕ್ಷೆ ಇತ್ತು. ಇಲ್ಲದೇ ಇದ್ದದ್ದು ತಯಾರಿಸಿದವರ ತಲೆಯಲ್ಲಿ ಒಬ್ಬ ಅಂಧ ಗಿರಾಕಿಯ ನೆನಪು, ಅಷ್ಟೆ.

ಈ ಬೀಗ ತೆರೆದದ್ದು 2009ರಲ್ಲಿ. ಆ ವರ್ಷದ ಐಫೋನಿನಲ್ಲಿ ‘ವಾಯ್ಸ್‌ಓವರ್’ ಎಂಬ ಓದುಗ ತಂತ್ರಾಂಶ ಕಾರ್ಖಾನೆಯಿಂದಲೇ ಸೇರಿಕೊಂಡು ಬಂತು. ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೆ ‘ಟಾಕ್‌ಬ್ಯಾಕ್’ ಬಂತು. ಬೆರಳಿಟ್ಟಲ್ಲಿ ಏನಿದೆಯೆಂದು ಫೋನು ಹೇಳುತ್ತದೆ, ಎರಡು ಸಲ ತಟ್ಟಿದರೆ ಅದನ್ನು ತೆರೆಯುತ್ತದೆ. ಗೂಗಲ್‌ನಲ್ಲಿ ಈ ಬಗೆಯ ಕೆಲಸಕ್ಕೆ ಮುಂದಾದವರಲ್ಲಿ ಪುಣೆಯಲ್ಲಿ ಬೆಳೆದ ಟಿ.ವಿ. ರಾಮನ್ ಪ್ರಮುಖರು. ಹದಿನಾಲ್ಕರ ವಯಸ್ಸಿನಲ್ಲಿ ದೃಷ್ಟಿ ಹೋದರೂ ಗಣಿತ ಓದಿ, ಮುಂಬೈ ಐಐಟಿಯಲ್ಲಿ ಕಲಿತು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದ ಕಂಪ್ಯೂಟರ್ ವಿಜ್ಞಾನಿ. ‘ಕಣ್ಣಿಲ್ಲದವನಿಗೆ ಗಣಿತ ಏಕೆ’ ಎನ್ನುವ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಈ ಹೆಸರು ಹೇಳಿ.

ಚಿತ್ತಾಪುರದ ಹುಡುಗಿಯ ಕೈಯಲ್ಲಿ ಇದ್ದದ್ದು ಅಂಗಡಿಯಲ್ಲಿ ಯಾರಾದರೂ ಕೊಳ್ಳುವಂಥದೇ ಸಾಧಾರಣ ಫೋನು. ಅಂಧರಿಗೆಂದು ಬೇರೆ ಬಾಗಿಲು ಕಟ್ಟುವುದಕ್ಕಿಂತ ಎಲ್ಲರೂ ಹೋಗುವ ಬಾಗಿಲನ್ನೇ ಅಗಲ ಮಾಡಿದರೆ ಖರ್ಚೂ ಕಡಿಮೆ, ಮರ್ಯಾದೆಯೂ ಹೆಚ್ಚು. ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಎಂಬ ಸಣ್ಣ ಕಂಪನಿ ಮಾಡಿದ, 2018ರಲ್ಲಿ ಗೂಗಲ್ ಕೊಂಡ ‘ವೇರ್ ಈಸ್ ಮೈ ಟ್ರೈನ್’ ತಂತ್ರಾಂಶವನ್ನು ನೋಡಿ. ಮೊಬೈಲ್ ಗೋಪುರಗಳ ಗುರುತಿನಿಂದ ರೈಲು ಎಲ್ಲಿದೆಯೆಂದು ತಿಳಿಯುವ ಈ ಜಾಣತನ ಹುಟ್ಟಿದ್ದು ಎಲ್ಲ ಪ್ರಯಾಣಿಕರಿಗಾಗಿ. ಕಿಟಕಿಯಾಚೆಯ ಫಲಕ ಓದಲಾಗದವರಿಗೆ ಅಂಥದೊಂದು ಮಾಹಿತಿ ಎಷ್ಟು ದೊಡ್ಡದೆಂದು ಕಣ್ಣಿದ್ದವರಿಗೆ ಹೊಳೆಯುವುದು ತಡವಾಗಿ.

ವಾಡಿಗೆ ಹೋದವನು ವಾದಿಯಾದ ಕತೆ

ಬಾಗಿಲು ತೆರೆಯಿತು, ನಿಜ. ಒಳಗೆ ಇನ್ನೂ ಎಡವುವ ಜಾಗಗಳಿವೆ. ನಾಲ್ಕನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಹೆಸರಿಲ್ಲದ ಗುಂಡಿ. ಫೋನಿನ ಓದುಗ ತಂತ್ರಾಂಶಕ್ಕೆ ಚಿತ್ರ ನೋಡಿ ಅರ್ಥ ಮಾಡುವ ಹೊಣೆ ಹೊರಿಸಬಾರದು. ಗುಂಡಿಯನ್ನು ಬರೆದ ಎಂಜಿನಿಯರ್ ಅದರ ಹಿಂದೆ ‘ಹೊರಡು’, ‘ನಿಲ್ಲಿಸು’ ಎಂದು ಹೆಸರು ಬರೆದಿಟ್ಟಿರಬೇಕು. ಬರೆಯದಿದ್ದರೆ ಅಂಧನಿಗೆ ಕೇಳಿಸುವುದು ‘ಗುಂಡಿ, ಗುಂಡಿ, ಗುಂಡಿ’ ಎಂಬ ಜಪ ಮಾತ್ರ. ಒಂದು ಗುಂಡಿಗೆ ಹೆಸರು ಬರೆಯಲು ಒಂದು ನಿಮಿಷ ಸಾಕು. ನಕ್ಷೆಯೂ ಅಷ್ಟೆ, ಅದು ಚಿತ್ರ. ಆ ಚಿತ್ರದ ಜೊತೆಗೆ ‘ಇಷ್ಟು ಹೆಜ್ಜೆ ನೇರ, ಆಮೇಲೆ ಬಲ’ ಎಂಬ ಪಟ್ಟಿ ಇರಲೇಬೇಕು.

ಎರಡನೆಯದು, ಒಂದೇ ಹೆಸರಿನ ಊರುಗಳು. ನಮ್ಮ ಶಹಾಬಾದ್ ಇದೆ. ಹರಿಯಾಣದಲ್ಲಿ ಒಂದು ಶಹಾಬಾದ್ ಇದೆ, ಉತ್ತರ ಪ್ರದೇಶದಲ್ಲಿ ಇನ್ನೂ ಇವೆ. ವಾಡಿ ನಾಗಪುರದ ಮಗ್ಗುಲಲ್ಲೂ ಇದೆ. ಮುಂಬೈಯ ಮಲಾಡಿನಲ್ಲಿ ಚಿಂಚೋಳಿ ಬಂದರ್ ಎಂಬ ಬಡಾವಣೆ ಇದೆ. ಕಣ್ಣಿದ್ದವರು ನಕ್ಷೆ ನೋಡಿದ ಕೂಡಲೇ ‘ಅಯ್ಯೋ, ಇದಲ್ಲ’ ಎನ್ನುತ್ತಾರೆ. ಕಿವಿಯಿಂದ ನೋಡುವವರಿಗೆ ಕೇಳಿಸುವುದು ಬರೀ ‘ಶಹಾಬಾದ್’. ಹೆಸರಿನ ಹಿಂದೆಯೇ ಜಿಲ್ಲೆಯನ್ನೂ, ಇಲ್ಲಿಂದ ಇರುವ ದೂರವನ್ನೂ ಓದಿದರೆ ಸಮಸ್ಯೆ ಮುಗಿಯಿತು. ಇನ್ನು ನಮ್ಮ ಸೇಡಂ ಇದೆಯಲ್ಲ, ಅದು ರೈಲ್ವೆಯವರ ಇಂಗ್ಲಿಷಿನಲ್ಲಿ ‘ಸೇರಂ’. ಎರಡೂ ಒಂದೇ ಊರೆಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು.

ಮೂರನೆಯದು, ಉಚ್ಚಾರ. ಗೂಗಲ್ ನಕ್ಷೆ 2018ರ ಮಾರ್ಚಿನಿಂದ ಕನ್ನಡದಲ್ಲಿ ದಾರಿ ಹೇಳುತ್ತಿದೆ. 2021ರಲ್ಲಿ ಸ್ಥಳಗಳ ಹೆಸರನ್ನು ಇಂಗ್ಲಿಷಿನಿಂದ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ಲಿಪಿಗೆ ತಾನೇ ತಿರುಗಿಸಿಕೊಳ್ಳುವ ಏರ್ಪಾಡೂ ಬಂತು. ಸಂತೋಷವೇ. ಆದರೆ ಇಂಗ್ಲಿಷಿನಲ್ಲಿ ‘ಲ’ ಮತ್ತು ‘ಳ’ಗಳಿಗೆ ಒಂದೇ ಅಕ್ಷರ, ‘ನ’ ಮತ್ತು ‘ಣ’ಗಳಿಗೆ ಒಂದೇ ಅಕ್ಷರ, ‘ದ’ ಮತ್ತು ‘ಡ’ಗಳಿಗೂ ಒಂದೇ. ಇಂಗ್ಲಿಷಿನಿಂದ ಹಿಂದಕ್ಕೆ ಬರುವಾಗ ಚಿಂಚೋಳಿ ‘ಚಿಂಚೋಲಿ’ ಆದೀತು, ಕಾಗಿಣಾ ನದಿ ‘ಕಾಗಿನಾ’ ಆದೀತು, ಮಳಖೇಡ ಇನ್ನೇನೋ ಆದೀತು. ವಾಡಿಗೆ ಹೊರಟವನು ‘ವಾದಿ’ಯಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಆಶ್ಚರ್ಯವಿಲ್ಲ! ನಗಬಹುದು, ಆದರೆ ಬರೀ ಕಿವಿಯನ್ನೇ ನಂಬಿ ನಡೆಯುವವನಿಗೆ ಇದು ನಗೆಯ ವಿಷಯವಲ್ಲ. ಊರಿನ ಹೆಸರನ್ನು ಮೊದಲು ಕನ್ನಡದಲ್ಲಿ ಸರಿಯಾಗಿ ಬರೆದಿಡುವುದೇ ಇದಕ್ಕೆ ಮದ್ದು.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು. ಈ ಯಂತ್ರಗಳೆಲ್ಲ ಗಾಡಿಯವರ ಕಣ್ಣಿನಿಂದ ರಸ್ತೆ ನೋಡುತ್ತವೆ. ನಡೆಯುವ ಅಂಧನಿಗೆ ಬೇರೆಯೇ ಸುದ್ದಿ ಬೇಕು. ನಾನೀಗ ಯಾವ ಕಡೆ ಮುಖ ಮಾಡಿದ್ದೇನೆ? ನಡೆಯುತ್ತಿರುವುದು ಸರಿ ದಾರಿಯಲ್ಲಿಯೇ? ಮುಂದಿನ ಕೂಡುರಸ್ತೆ ದೊಡ್ಡದೋ ಸಣ್ಣದೋ? 2019ರ ಅಕ್ಟೋಬರಿನಲ್ಲಿ ಗೂಗಲ್ ಇಂಥ ವಿವರಗಳನ್ನು ಹೇಳುವ ನಡಿಗೆಯ ಮಾರ್ಗದರ್ಶನವನ್ನು ಆರಂಭಿಸಿತು. ಮೊದಲು ಬಂದದ್ದು ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ, ಜಪಾನಿನಲ್ಲಿ ಜಪಾನಿ ಭಾಷೆಯಲ್ಲಿ. ಅಲ್ಲಿ ಬೀದಿಗೆ ಹೆಸರು, ಮನೆಗೆ ಸಂಖ್ಯೆ, ಅಂಚಿಗೆ ಕಾಲುದಾರಿ ಇವೆ. ನಮ್ಮಲ್ಲಿ ವಿಳಾಸ ಎಂದರೆ ‘ಗುಡಿ ಹಿಂದ, ಹಿಟ್ಟಿನ ಗಿರಣಿ ಮುಂದ, ಬೇವಿನ ಗಿಡದ ಬಾಜೂಕ’. ಬರೀ ಬೀದಿಯ ಹೆಸರು ಹುಡುಕುವ ಯಂತ್ರಕ್ಕೆ ಈ ವಿಳಾಸ ಸಿಗುವುದು ಹೇಗೆ? ಹುಡುಗಿ ಹೇಳಿದ ‘ಓಣಿ ಗೊತ್ತಿಲ್ಲ’ ಎಂಬ ಮಾತಿನ ಮೂಲ ಇಲ್ಲಿದೆ.

ಮೈಸೂರಿನಲ್ಲಿ ಆಗಿದೆ

ಇದೆಲ್ಲ ಪರದೇಶದ ಮಾತು ಎಂದು ಪುಟ ಮಗುಚಬೇಡಿ. ನಮ್ಮ ರಾಜ್ಯದಲ್ಲೇ ಎರಡು ಒಳ್ಳೆಯ ಮಾದರಿಗಳಿವೆ.

2015ರಲ್ಲಿ ಮೈಸೂರು ರೈಲು ನಿಲ್ದಾಣದಲ್ಲಿ ಬ್ರೈಲ್ ಲಿಪಿಯ ನಕ್ಷೆ ಮತ್ತು ಫಲಕಗಳನ್ನು ಹಾಕಲಾಯಿತು. ‘ಅನುಪ್ರಯಾಸ್’ ಎಂಬ ಸ್ವಯಂಸೇವಾ ಸಂಸ್ಥೆಯ ಕೆಲಸ ಅದು. ಪ್ಲಾಟ್‌ಫಾರಂ ಯಾವ ಕಡೆ, ಹೊರಗೆ ಹೋಗುವ ಬಾಗಿಲು ಯಾವ ಕಡೆ ಎಂದು ಬೆರಳಿನಿಂದ ಓದಬಹುದು. ನಮ್ಮ ಹುಡುಗಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಇದೆ.

ಎರಡನೆಯದು ಬಸ್ಸಿನದು. ಅಂಧರಿಗೆ ಸರ್ಕಾರ ಉಚಿತ ಬಸ್ ಪಾಸು ಕೊಡುತ್ತದೆ. ಆದರೆ ಬಂದು ನಿಂತ ಬಸ್ಸು ಯಾವ ಊರಿನದೆಂದು ತಿಳಿಯದಿದ್ದರೆ ಪಾಸು ಹಿಡಿದು ಏನು ಮಾಡುವುದು? ದೆಹಲಿ ಐಐಟಿಯಲ್ಲಿ ರೂಪುಗೊಂಡ ‘ಆನ್‌ಬೋರ್ಡ್’ ಎಂಬ ಸಾಧನ ಇದಕ್ಕೇ ಹುಟ್ಟಿದ್ದು. ಪ್ರಯಾಣಿಕನ ಕೈಯಲ್ಲಿ ಒಂದು ಚಿಕ್ಕ ಗುಂಡಿಪೆಟ್ಟಿಗೆ. ಒತ್ತಿದರೆ ಹತ್ತಿರ ಬಂದ ಬಸ್ಸುಗಳ ಸಂಖ್ಯೆ ಕೇಳುತ್ತದೆ. ಬೇಕಾದ್ದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಬಳಿಯ ಧ್ವನಿವರ್ಧಕ ಕೂಗುತ್ತದೆ. ದನಿಯ ಕಡೆಗೆ ನಡೆದರೆ ಬಾಗಿಲು ಸಿಕ್ಕಿತು! ಮೈಸೂರಿನ ನಗರ ಸಾರಿಗೆಯ 200 ಬಸ್ಸುಗಳಿಗೆ ‘ಧ್ವನಿ ಸ್ಪಂದನ’ ಎಂಬ ಹೆಸರಿನಲ್ಲಿ ಕೆಎಸ್ಆರ್‌ಟಿಸಿ ಇದನ್ನು ಅಳವಡಿಸಿತು.

ಇಲ್ಲಿ ಒಂದು ಕೊಂಕು ತೆಗೆಯಬಹುದು. ಇದೂ ಅಂಧರಿಗೆಂದೇ ಮಾಡಿದ ಬೇರೆ ಪೆಟ್ಟಿಗೆ ತಾನೆ? ಹೌದು. ಆದರೆ ಬಸ್ಸು ಎಲ್ಲರದು, ಬಸ್ಸಿನ ಕೂಗೂ ಎಲ್ಲರಿಗೂ ಕೇಳುವಂಥದು. ಓದು ಬಾರದ ಅಜ್ಜಿಗೆ, ಕನ್ನಡಕ ಮರೆತ ಮೇಷ್ಟ್ರಿಗೆ ಅದರಿಂದ ನಷ್ಟವಿಲ್ಲವಲ್ಲ! ಕಲಬುರಗಿಯಲ್ಲಿಯೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವರೂ ಇದನ್ನು ಯೋಚಿಸಬೇಕು. ರೈಲು ಮಾರ್ಗವೇ ಇಲ್ಲದ ಚಿಂಚೋಳಿಯ ಅಂಧ ವಿದ್ಯಾರ್ಥಿಗೆ ಬಸ್ಸು ಬಿಟ್ಟರೆ ಬೇರೆ ಗತಿ ಇಲ್ಲ.

ಇದು ದಯೆಯ ಮಾತಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ, ನಮ್ಮ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಮು, ದಿನಬಳಕೆಯ ಎಲೆಕ್ಟ್ರಾನಿಕ್ ವಸ್ತುಗಳು ಎಲ್ಲರೂ ಬಳಸಲು ಬರುವ ವಿನ್ಯಾಸದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಈ ವಿಷಯದ ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ಇರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು. 2025ರ ಏಪ್ರಿಲಿನಲ್ಲಿ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳು ಕೈಗೆಟಕುವುದು ಜೀವಿಸುವ ಹಕ್ಕಿನದೇ ಭಾಗ ಎಂದಿತು. ಹುಡುಗಿ ಕೇಳುತ್ತಿರುವುದು ಭಿಕ್ಷೆಯಲ್ಲ, ಬಾಕಿ.

ತಂದೆ ತಾಯಿಗೆ ಎರಡು ಮಾತು

ಗಣಿಯಲ್ಲಿ ದುಡಿಯುವ ಆ ತಂದೆಯ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಫೋನು ಮಾತಾಡುತ್ತದೆಂದು ಮಗಳನ್ನು ನಾಳೆಯೇ ಒಬ್ಬಳನ್ನೇ ಕಳಿಸಿ ಎಂದು ಹೇಳುವುದಿಲ್ಲ. ಮೊದಲು ಕೋಲು, ಆಮೇಲೆ ಫೋನು. ಕೋಲು ಹಿಡಿದು ನಡೆಯುವುದೂ ಒಂದು ವಿದ್ಯೆ. ಕಲಿಸುವವರಿಂದ ಕಲಿಯಬೇಕು, ಅಭ್ಯಾಸ ಮಾಡಬೇಕು. ಪರಸಿ ಹಾಸಿದ ಅಂಗಳಕ್ಕೂ ಮಣ್ಣಿನ ದಾರಿಗೂ ಕೋಲಿನ ಸದ್ದು ಬೇರೆ. ಬೇಳೆ ಗಿರಣಿಯ ವಾಸನೆ, ಕಲ್ಲು ಕೊಯ್ಯುವ ಯಂತ್ರದ ಕಿರುಚು, ಬಿಸಿಲಿನಿಂದ ನೆರಳಿಗೆ ಬಂದಾಗ ಮೈಗೆ ಆಗುವ ತಂಪು, ಇವೆಲ್ಲ ನಡೆಯುವವಳಿಗೆ ಮೈಲಿಗಲ್ಲುಗಳೇ. ಫೋನು ಇವಕ್ಕೆ ಸಹಾಯಕ, ಬದಲಿ ಅಲ್ಲ.

ಮೊದಲು ಗೊತ್ತಿರುವ ದಾರಿಯಲ್ಲೇ ಯಂತ್ರವನ್ನು ಪರೀಕ್ಷಿಸಲಿ. ನೀವು ಜೊತೆಗಿರಿ, ಆದರೆ ಕೈ ಹಿಡಿಯಬೇಡಿ. ಆಮೇಲೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ. ಆಮೇಲೆ ಹೊರಟ ಜಾಗದಲ್ಲಿ ಬಿಟ್ಟು, ತಲುಪುವ ಜಾಗದಲ್ಲಿ ಕಾಯಿರಿ. ಎರಡೂ ಕಿವಿ ಮುಚ್ಚುವ ಹೆಡ್‌ಫೋನು ರಸ್ತೆಯಲ್ಲಿ ಬೇಡವೇ ಬೇಡ, ಹಿಂದಿನಿಂದ ಬರುವ ಲಾರಿಯ ಸುದ್ದಿ ಕಿವಿಗೇ ಬರಬೇಕು. ಫೋನಿನ ಚಾರ್ಜು ಮುಗಿದರೆ ಏನು ಮಾಡಬೇಕೆಂಬುದನ್ನು ಮೊದಲೇ ಮಾತಾಡಿಕೊಂಡಿರಿ. ದಾರಿ ತಪ್ಪಿದಾಗ ಕೇಳಿಕೊಂಡು ಹೋಗುವುದು ಕಣ್ಣಿದ್ದವರಿಗೂ ಇರುವ ಪದ್ಧತಿ ತಾನೆ? ಅದರಲ್ಲಿ ನಾಚಿಕೆ ಏನಿದೆ?

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಈಗ ಮಕ್ಕಳಿಗೆ ಬರುತ್ತೇನೆ. ರಜೆಯಲ್ಲಿ ಮಾಡುವಂಥ ಒಂದು ಕೆಲಸ ಇದೆ. ದುಡ್ಡು ಬೇಡ.

2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಸಾರ್ವಜನಿಕ ನಕ್ಷೆಯನ್ನು ಆರಂಭಿಸಿದ. ಯಾರು ಬೇಕಾದರೂ ತಮ್ಮ ಊರಿನ ವಿವರ ಸೇರಿಸಬಹುದು, ಯಾರು ಬೇಕಾದರೂ ಬಳಸಬಹುದು. ನಾನು ಮೊದಲು ಹೇಳಿದ ಸೌಂಡ್‌ಸ್ಕೇಪ್ ತಂತ್ರಾಂಶ ಓದುತ್ತಿದ್ದದ್ದು ಇದೇ ನಕ್ಷೆಯನ್ನು. ಕಂಪನಿ 2023ರಲ್ಲಿ ಅದನ್ನು ನಿಲ್ಲಿಸಿ ಒಳಗಿನ ಬರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಬೇರೆಯವರು ಅದನ್ನೇ ಹಿಡಿದು ಮುಂದುವರಿಸಿದರು. ಕಂಪನಿ ಕೈಬಿಟ್ಟರೂ ನಕ್ಷೆ ಉಳಿಯಿತು. ಜನರು ಸೇರಿ ಕಟ್ಟಿದ ವಸ್ತುವಿಗೆ ಇರುವ ಬಲ ಅದು.

ನೀವು ನಾಲ್ಕು ಜನ ಗೆಳೆಯರು ಸೇರಿ ನಿಮ್ಮ ಶಾಲೆಯಿಂದ ಬಸ್ ನಿಲ್ದಾಣದವರೆಗೆ ಒಂದು ಸಲ ನಡೆಯಿರಿ. ಸಾಧ್ಯವಾದರೆ ದೃಷ್ಟಿ ಇಲ್ಲದ ಒಬ್ಬರನ್ನು ಕರೆದುಕೊಂಡು ಹೋಗಿ, ಏನು ಬರೆಯಬೇಕೆಂದು ಅವರನ್ನೇ ಕೇಳಿ. ಯಾಕೆಂದರೆ ಕಣ್ಣಿದ್ದವರು ದೊಡ್ಡ ಫಲಕ ಬರೆಯುತ್ತಾರೆ, ಅವರು ಕೇಳುವುದು ಮೆಟ್ಟಿಲು ಎಷ್ಟು ಎಂದು. ಗೇಟು ರಸ್ತೆಯ ಯಾವ ಬದಿಗಿದೆ, ಎಲ್ಲಿ ಮೆಟ್ಟಿಲಿದೆ, ಎಲ್ಲಿ ಕಾಲುದಾರಿ ಮುಗಿಯುತ್ತದೆ, ಗುಡಿ ಎಲ್ಲಿ, ದರ್ಗಾ ಎಲ್ಲಿ, ಗಿರಣಿ ಎಲ್ಲಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಮೇಷ್ಟ್ರ ಸಹಾಯದಿಂದ ನಕ್ಷೆಗೆ ಸೇರಿಸಿ. ಹೆಸರನ್ನು ಕನ್ನಡದಲ್ಲಿ ಬರೆಯಿರಿ, ‘ಳ’ಕಾರ ಬಿಡಬೇಡಿ! ಯಾರ ಮನೆಯ ಖಾಸಗಿ ವಿವರವನ್ನೂ ಬರೆಯಬೇಡಿ. ನಾಳೆ ಬದಲಾಗುವ ತಳ್ಳುಗಾಡಿಯ ಜಾಗವೂ ಬೇಡ.

ಮನೆಯಲ್ಲಿ ಫೋನಿನ ‘ಆಕ್ಸೆಸಿಬಿಲಿಟಿ’ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕ್ ಹಚ್ಚಿ ನೋಡಿ. ಹಚ್ಚುವ ಮೊದಲು ಆರಿಸುವುದು ಹೇಗೆಂದು ಓದಿಕೊಳ್ಳಿ, ಇಲ್ಲದಿದ್ದರೆ ಅಪ್ಪನ ಬೈಗುಳಕ್ಕೆ ನಾನು ಹೊಣೆಯಲ್ಲ. ಕಣ್ಣು ಮುಚ್ಚಿ ನಿಮ್ಮೂರಿನ ಹೆಸರು ಹುಡುಕಿ. ಎಷ್ಟು ಹೊತ್ತಾಯಿತು, ಎಲ್ಲಿ ಸಿಕ್ಕಿಕೊಂಡಿರಿ ಎಂದು ಬರೆದಿಡಿ. ಹತ್ತು ವರ್ಷದ ಮೇಲೆ ನಿಮ್ಮಲ್ಲಿ ಯಾರಾದರೂ ಎಂಜಿನಿಯರಾಗಿ ಒಂದು ಗುಂಡಿ ಮಾಡುವಾಗ ಆ ನೆನಪು ಬಂದು, ಅದರ ಹಿಂದೆ ಒಂದು ಹೆಸರು ಬರೆದರೆ ಸಾಕು.

ವಾಡಿ ಜಂಕ್ಷನ್ ಬಂತು. ಫೋನು ಹೇಳುವ ಮೊದಲೇ ಹುಡುಗಿ ‘ಬಂತು’ ಎಂದಳು, ಹಳಿಗಳು ಕೂಡುವ ಸದ್ದು ಅವಳಿಗೆ ಗೊತ್ತು. ಚಹಾ ಮಾರುವವರ ಗದ್ದಲದ ನಡುವೆ ತಂದೆ ಮತ್ತೆ ಕೇಳಿದ: ‘ಸರ, ಮುಂದಿನ ಸಲ ಒಬ್ಬಾಕಿನ್ನೇ ಕಳಸ್ಲೇನ್ರಿ?’

ನಾನು ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವಳ ಫೋನಿಗೆ ನಮ್ಮ ಓಣಿಗಳನ್ನು ಯಾರು ಕಲಿಸುತ್ತಾರೆ ಎಂಬುದರ ಮೇಲೆ ಆ ಉತ್ತರ ನಿಂತಿದೆ. ಕಲಿಸಬೇಕಾದವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿಯೇ ಇದ್ದಾರೆ. ಈ ಪುಟವನ್ನು ಓದುತ್ತಲೂ ಇದ್ದಾರೆ.